ಒಂದು ಬೇವಿನ ಟೊಂಗೆ, ಇಬ್ಬರು ಹೊಣೆ

ಗೆಳೆಯರೇ, ಇವತ್ತು ವಕೀಲರೆದುರು ಕೂತೇ ಕನಸು ಕಂಡೆ.

ನಮ್ಮೂರು ಚಿದ್ರಿಯಲ್ಲಿ ನಮ್ಮ ಮನೆಗೂ ಪಕ್ಕದ ಸುಮನ್‌ಬಾಯಿ ಟೀಚರ ಮನೆಗೂ ನಡುವಿನ ಗಡಿಯಲ್ಲಿ ಒಂದು ಬೇವಿನ ಮರವಿದೆ. ಒಣಗಿದ ಟೊಂಗೆ ಕಡಿಸುವ ಕೆಲಸವನ್ನು ನಾನು ಅವರಿಗೆ ಬಿಟ್ಟೆ, ಅವರು ನನಗೆ ಬಿಟ್ಟರು. ಮೊನ್ನೆ ಅದು ಮುರಿದು, ಮರದ ಕೆಳಗೆ ಬಟ್ಟೆ ಹೊಲಿಯುವ ರಶೀದ್ ಭಾಯ್ ಅವರ ಮಷಿನ್ ಮೇಲೆ ಬಿತ್ತು. ಮಷಿನ್ ಹೋಯಿತು. ಪುಣ್ಯಕ್ಕೆ ಅವರು ನೀರು ಕುಡಿಯಲು ಎದ್ದಿದ್ದರು.

ನಷ್ಟ ಯಾರು ಕೊಡಬೇಕೆಂದು ನಾವಿಬ್ಬರೂ ಇವತ್ತು ವಕೀಲರನ್ನು ಕೇಳಿದೆವು.

"ಇಬ್ಬರೂ ಹೊಣಿರಿ. ರಶೀದ್ ಭಾಯ್ ಬೇಕಾದ್ರ ನಿಮ್ಮಲ್ಲಿ ಒಬ್ಬರ ಹತ್ರನೇ ಪೂರಾ ಕೇಳಬಹುದು. ಆಮ್ಯಾಲ ನೀವು ಹಂಚ್ಕೋರಿ" ಎಂದರು.

"ಹಂಗಾದ್ರ ಸಿಸ್ಟರ್ ಹತ್ರನೇ ಕೇಳಲಿ. ಅವರಿಗಿ ನರ್ಸ್ ಪೆನ್ಷನ್ ಬರ್ತದ" ಎಂದರು ಸುಮನ್‌ಬಾಯಿ, ನನ್ನತ್ತ ಕೈ ತೋರಿಸಿ.

ನಾನು ಕಿಟಕಿಯತ್ತ ತಿರುಗಿದೆ. ಕಿಟಕಿಯ ಬಿಸಿಲಲ್ಲಿ ತೇಲುತ್ತಿದ್ದ ಧೂಳು ನನ್ನ ಕಣ್ಣಿಗೆ ಬೇವಿನ ಹೂವಾಯಿತು. ಉದುರುವ ಹೂವಿನ ನಡುವೆ ನಮ್ಮವ್ವ ಕೂತು ನನ್ನ ಕ್ರಿಸ್ಮಸ್ ಫ್ರಾಕು ಹೊಲಿಯುತ್ತಿದ್ದಳು. ಎಷ್ಟೋ ಹೊತ್ತು ಮಷಿನ್ ತುಳಿಯುವ ಅವಳ ಕಾಲನ್ನೇ ನೋಡಿದೆ. ಆಮೇಲೆ ನೆನಪಾಯಿತು, ಅವ್ವನ ಮಷಿನ್ ಇನ್ನೂ ಮನೆಯಲ್ಲೇ ಇದೆ!

ಮನೆಗೆ ಬಂದವಳೇ ರಶೀದ್ ಭಾಯ್ ಅವರಿಗೆ ಕೊಡಲೆಂದು ಅದನ್ನು ಎತ್ತಲು ಹೋದೆ. ಆಗಲಿಲ್ಲ. ಇನ್ನೊಂದು ಬದಿ ಸುಮನ್‌ಬಾಯಿ ಬಂದು ಹಿಡಿದರು; ಇಬ್ಬರೂ ಹೊತ್ತು ಮರದ ಕೆಳಗಿಟ್ಟೆವು.

ರಶೀದ್ ಭಾಯ್ ಚಕ್ರ ತಿರುಗಿಸಿ, "ರಿಪೇರಿ ಮಾಡ್ಸಿದ್ರ ಚಲೋ ಓಡ್ತದ್ರಿ" ಎಂದರು.

"ರಿಪೇರಿ ನನ್ನ ಮ್ಯಾಲರಿ" ಎಂದರು ಸುಮನ್‌ಬಾಯಿ, ನನ್ನ ಮುಖ ನೋಡದೆ.

ಹೀಗೆ ಹೊಣೆಯೇನೋ ಹಂಚಿಹೋಯಿತು. ವಕೀಲರು ಫೀಸನ್ನು ಮಾತ್ರ ಇಬ್ಬರಿಂದಲೂ ಪೂರಾ ಪೂರಾ ತೆಗೆದುಕೊಂಡರು.