ಕ್ಲಚ್ಚಿನ ಮೇಲೆ ನನ್ನ ಕಾಲು

ನನಗೆ ಕಾರು ಓಡಿಸಲು ಬರುವುದಿಲ್ಲ, ಮಕ್ಕಳೇ. ಕ್ಲಚ್ಚು ಒತ್ತಲು ಮಾತ್ರ ಬರುತ್ತದೆ. ನಿಮ್ಮ ಅಜ್ಜನ ಬಿಳಿ ಕಾರಿನ ಡ್ರೈವರ್ ಸೀಟಿನಲ್ಲಿ ಕೂತು ನಾನು ಕಳೆದ ಮಧ್ಯಾಹ್ನಗಳನ್ನೆಲ್ಲ ಒಟ್ಟು ಸೇರಿಸಿದರೆ ಒಂದು ಸಣ್ಣ ಆಯಸ್ಸೇ ಆದೀತು. ಆ ಅಷ್ಟು ಹೊತ್ತೂ ಕಾರು ನಿಂತಲ್ಲೇ ನಿಂತಿತ್ತು.

ಅಜ್ಜ ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ತಮ್ಮ ಕಾರಿಗೆ ಬೇರೆಯವರ ಕೈ ತಾಗಲು ಬಿಡುತ್ತಿರಲಿಲ್ಲ. ಮಲವಗೊಪ್ಪದ ನಮ್ಮ ಮನೆ ಪಕ್ಕದ ಶೀಟಿನ ಶೆಡ್ಡಿನಲ್ಲಿ ಕಾರನ್ನು ಎತ್ತಿ, ಅಡಿಗೆ ಮರದ ದಿಮ್ಮಿಗಳನ್ನು ಕೊಟ್ಟು, ಗೋಣಿಚೀಲ ಹಾಸಿಕೊಂಡು ಕೆಳಗೆ ಮಲಗುತ್ತಿದ್ದರು. ಮೇಲೆ ಸೀಟಿನಲ್ಲಿ ನಾನು. ಎಂಜಿನ್ ಸದ್ದಿನಲ್ಲಿ ಮಾತು ಕೇಳುವುದಿಲ್ಲವೆಂದು ಸ್ಪ್ಯಾನರಿನಿಂದ ತಳಕ್ಕೆ ಕುಟ್ಟುತ್ತಿದ್ದರು. ಒಂದು ಸಲ ಕುಟ್ಟಿದರೆ ಕ್ಲಚ್ಚು ಒತ್ತಬೇಕು, ಎರಡು ಸಲ ಕುಟ್ಟಿದರೆ ಬಿಡಬೇಕು.

ಗೇರಿಗೆ ಹಾಕಿದರೆ ಹಿಂದಿನ ಚಕ್ರಗಳು ಗಾಳಿಯಲ್ಲೇ ತಿರುಗುತ್ತಿದ್ದವು. ಸ್ಪೀಡು ತೋರಿಸುವ ಮುಳ್ಳು ಮೆಲ್ಲಗೆ ಮೇಲೇಳುತ್ತಿತ್ತು. ಶೀಟಿನ ತೂತುಗಳಿಂದ ಇಳಿದ ಬಿಸಿಲು ಬಾನೆಟ್ಟಿನ ಮೇಲೆ ಚುಕ್ಕಿ ಚುಕ್ಕಿಯಾಗಿ ನಡುಗುತ್ತಿತ್ತು. ಪೆಟ್ರೋಲಿನ ವಾಸನೆಗೋ, ಸೀಟಿನ ಸಣ್ಣ ನಡುಕಕ್ಕೋ, ನನಗೆ ಕಣ್ಣು ಮಂಪರಾಗುತ್ತಿತ್ತು. ಆಗ ನಾನು ಹೊರಟುಬಿಡುತ್ತಿದ್ದೆ. ತವರಿನ ಕೆರೆ ಏರಿ, ನಾನು ಓದಿದ ಶಾಲೆಯ ಹಂಚಿನ ಮಾಡು, ಭದ್ರಾವತಿಯಲ್ಲಿ ಸೇತುವೆ ಕೆಳಗಿನ ಹಸಿರು ನೀರು, ಎಲ್ಲವೂ ಕಿಟಕಿಯಾಚೆ ಹಾದುಹೋಗುತ್ತಿದ್ದವು. ಟಣ್ ಟಣ್ ಎಂದು ಕೇಳಿದಾಗ ಕಾಲು ತಾನಾಗಿ ಪೆಡಲು ಬಿಡುತ್ತಿತ್ತು. ಕಣ್ಣು ಬಿಟ್ಟರೆ ಎದುರಿಗೆ ಅದೇ ಸುಣ್ಣದ ಗೋಡೆ.

ನಾವಿಬ್ಬರೂ ಮುಖ ನೋಡಿಕೊಂಡು ಮಾತಾಡುವವರಲ್ಲ. ನನಗೆ ನಾಚಿಕೆ, ಅವರಿಗೆ ಅದಕ್ಕಿಂತ ಹೆಚ್ಚು. ಹೇಳಲೇಬೇಕಾದ ಮಾತುಗಳನ್ನು, ಎಂಜಿನ್ ಆಫ್ ಇದ್ದು ಅವರು ಕಾರಿನ ಕೆಳಗಿರುವಾಗ ಹೇಳುತ್ತಿದ್ದೆ. ನಿಮ್ಮಮ್ಮ ಹೊಟ್ಟೆಯಲ್ಲಿದ್ದಾಳೆಂದು ತಿಳಿಸಿದ್ದೂ ಹಾಗೆಯೇ. ಕೆಳಗೆ ಸ್ಪ್ಯಾನರ್ ಬಿದ್ದ ಸದ್ದಾಯಿತು.

ಸೋಗಾನೆಯ ಹೊಸ ನಿಲ್ದಾಣಕ್ಕೆ ವಿಮಾನಗಳು ಬರತೊಡಗಿದ ಮೇಲೆ, ದಸರಾ ರಜೆಯಲ್ಲಿ ನಿಮ್ಮನ್ನು ಭದ್ರಾವತಿಯ ನಿಮ್ಮ ಮನೆಯಿಂದ ಕಾರಿನಲ್ಲೇ ಕರೆದುಕೊಂಡು ಹೋಗಿ ವಿಮಾನ ಇಳಿಯುವುದನ್ನು ತೋರಿಸುತ್ತೇನೆಂದು ಅಜ್ಜ ಮಾತು ಕೊಟ್ಟರು. ಕ್ಲಚ್ ಪ್ಲೇಟು ಸವೆದಿತ್ತು. ಅದನ್ನು ಬದಲಾಯಿಸಲು ಗೇರ್‌ಬಾಕ್ಸ್ ಇಳಿಸಿದರು.

ನನ್ನ ಎದೆಯಲ್ಲಿ ಭಯ ಕೂತಿತ್ತು. ಕೆಲವು ತಿಂಗಳಿಂದ ಅವರು ಹೊಸ್ತಿಲನ್ನು ಕಾಲಿನಿಂದ ತಡವಿ ದಾಟುತ್ತಿದ್ದರು. ಒಂದು ಸಂಜೆ ಅಂಗಳದಲ್ಲಿ ನಿಂತು, “ಚಂದ್ರ ಎರಡಾಗಿ ಕಾಣ್ತಾನೆ, ಚೆನ್ನಾಗಿದೆ” ಎಂದು ನಕ್ಕಿದ್ದರು. ಎದುರು ಬರುವ ಗಾಡಿಗಳ ದೀಪ ಸೇವಂತಿಗೆ ಹೂವಿನ ಹಾಗೆ ಅರಳುತ್ತದೆ ಎಂದೂ ಹೇಳಿದ್ದರು. ಆಸ್ಪತ್ರೆಯ ಮಾತೆತ್ತಿದರೆ ಎದ್ದು ಶೆಡ್ಡಿಗೆ ಹೋಗುತ್ತಿದ್ದರು. ಆ ಕಣ್ಣುಗಳನ್ನು ನಂಬಿ ನಿಮ್ಮನ್ನು ಹೈವೇಗೆ ಕಳಿಸುವುದು ಹೇಗೆ? ರಜೆ ಹತ್ತಿರ ಬರುತ್ತಿತ್ತು.

ಗೇರ್‌ಬಾಕ್ಸನ್ನು ಮತ್ತೆ ಎತ್ತಿ ಕೂರಿಸಲು ಒಬ್ಬರ ಕೈ ಸಾಲದು. ಹಿಂದಿನ ಬೀದಿಯಲ್ಲಿ ಗ್ಯಾರೇಜು ಇಟ್ಟಿರುವ ಅಜ್ಜನ ಗೆಳೆಯರೊಬ್ಬರು ಜ್ಯಾಕ್ ಹಿಡಿದುಕೊಂಡು ಬಂದರು. ಅಷ್ಟರಲ್ಲಿ ಅಜ್ಜ ಪ್ಲೇಟು ಕೂರಿಸಿ ಮುಚ್ಚಿಯಾಗಿತ್ತು.

“ಏನ್ ಭಾಯ್, ಈ ವಯಸ್ನಲ್ಲಿ ನೀವೇ ಕೆಳಗೆ ಮಲಗ್ತೀರಿ. ನಾನು ಗ್ಯಾರೇಜ್ ಇಟ್ಟಿರೋದು ಬೋರ್ಡ್ ನೋಡಕ್ಕಾ?”

“ನಿನ್ನ ಕೈಗೆ ಕೊಟ್ರೆ ಕಾರು ವಾಪಸ್ ಬರುತ್ತೆ ಮಾರಾಯ, ಬೋಲ್ಟುಗಳು ಬರಲ್ಲ.”

“ಕೇಳಿದ್ರಾ ಭಾಭಿ? ಟೀ ಕೊಡಿ, ಇಲ್ಲಾಂದ್ರೆ ಇದನ್ನ ಇಲ್ಲೇ ಬಿಟ್ಟು ಹೋಗ್ತೀನಿ.”

ಟೀ ಕುಡಿದು, ಗೇರ್‌ಬಾಕ್ಸ್ ಕೂರಿಸಿಕೊಟ್ಟು ಅವರು ಹೋದರು. ನಾನು ಸೀಟಿನಲ್ಲಿ ಕೂತೆ. ಗೇರು ಕಡ್ಡಿಯ ಸುತ್ತಲಿನ ತಗಡನ್ನು ಇನ್ನೂ ಮುಚ್ಚಿರಲಿಲ್ಲ. ಆ ಸಂದಿಯಲ್ಲಿ ಬಗ್ಗಿ ನೋಡಿದರೆ ಅಜ್ಜನ ಹಣೆ ಕಾಣುತ್ತಿತ್ತು, ಎಣ್ಣೆ ಮೆತ್ತಿದ ಕನ್ನಡಕ ಕಾಣುತ್ತಿತ್ತು.

ಕೀಲಿ ತಿರುಗಿಸಿದೆ, ಎಂಜಿನ್ ಶುರುವಾಯಿತು. ಟಣ್. ಪೂರ್ತಿ ಒತ್ತಿ ಗೇರು ಹಾಕಿದೆ. ಕರ್‍ರ್ ಎಂದು ಹಲ್ಲು ಕಡಿದ ಹಾಗೆ ಸದ್ದಾಯಿತು. ಅವರು ಏನೋ ತಿರುಗಿಸಿದರು. ಮತ್ತೆ ಟಣ್, ಮತ್ತೆ ಕರ್‍ರ್.

“ಆಫ್ ಮಾಡು” ಎಂದು ಸಂದಿಯಿಂದ ಕೂಗಿದರು. ಸದ್ದು ನಿಂತಿತು. ಬಿಸಿ ಕಬ್ಬಿಣ ಟಿಕ್ ಟಿಕ್ ಎನ್ನುತ್ತಿತ್ತು.

“ಪ್ಲೇಟು ತಿರುಗಾಮುರುಗಾ ಕೂರಿಸಿದೀನಿ ಕಣೇ. ಉಬ್ಬಿರೋ ಮುಖ ಗೇರ್‌ಬಾಕ್ಸ್ ಕಡೆ ಬರ್ಬೇಕಿತ್ತು.” ಕನ್ನಡಕ ಒರೆಸಿಕೊಳ್ಳುತ್ತಾ, “ಎರಡೂ ಮುಖ ಒಂದೇ ಥರ ಕಾಣ್ತು” ಎಂದರು.

ಎಳೆಯ ಹುಡುಗನಾಗಿದ್ದಾಗಿನಿಂದ ಮಾಡಿಕೊಂಡು ಬಂದ ಕೆಲಸ ಅದು. ಅವರ ದನಿ ಬಹಳ ಸಣ್ಣದಾಗಿತ್ತು. ನಾನು ಸ್ಟೇರಿಂಗನ್ನು ನೋಡುತ್ತಾ ಹೇಳಿದೆ:

“ರೀ, ಕಣ್ಣು ತೋರಿಸ್ಕೊಳ್ಳಿ. ಅಲ್ಲೀವರೆಗೂ ಮಕ್ಕಳನ್ನ ಇದರಲ್ಲಿ ಕೂರ್ಸಬೇಡಿ.”

“ನಾನು ಯಾವತ್ತಾದ್ರೂ ಎಲ್ಲಾದ್ರೂ ಗುದ್ದಿದೀನೇನೇ?”

“ಇಲ್ಲ. ಗುದ್ದೋದು ಬೇಡ ಅಂತಾನೇ ಹೇಳ್ತಿರೋದು.”

ಶೆಡ್ಡಿನ ಮೇಲೆ ಒಂದು ವಿಮಾನ ತಗ್ಗಿನಲ್ಲಿ ಹಾದುಹೋಯಿತು. ಶೀಟುಗಳು ಗದಗುಟ್ಟಿ ಸುಮ್ಮನಾದವು. ಬಿಸಿಲಿನ ಚುಕ್ಕಿಗಳು ಬಾನೆಟ್ಟಿನಿಂದ ಜಾರಿ ನನ್ನ ಮಡಿಲಿಗೆ ಬಂದಿದ್ದವು. ನಾನು ಆ ಮಾತನ್ನು ನಿಜವಾಗಿ ಆಡಿದೆನೋ, ಮಂಪರಿನಲ್ಲಿ ಅಂದುಕೊಂಡೆನೋ ಎಂದು ನನಗೇ ಅನುಮಾನವಾಗುವಷ್ಟು ಹೊತ್ತು ಕಳೆಯಿತು.

ಟಣ್.

ಎಂಜಿನ್ ಆಫ್ ಆಗಿತ್ತು, ಒತ್ತಬೇಕಾದ ಕೆಲಸವೇ ಇರಲಿಲ್ಲ. ಆದರೂ ಒತ್ತಿದೆ. ಬಿಡು ಎಂದು ಕುಟ್ಟುವುದನ್ನು ಕಾದೆ. ಕುಟ್ಟಲಿಲ್ಲ. ಕಾಲು ಜೋಮು ಹಿಡಿಯಿತು.

“ನಾಳೆ ಕಣ್ಣಾಸ್ಪತ್ರೆಗೆ ಬಸ್ಸಲ್ಲೇ ಹೋಗಣ” ಎಂದರು ಕೊನೆಗೆ. “ಕಾರಂತೂ ಹೊರಡಲ್ಲ.”

ದಸರಾ ರಜೆಯಲ್ಲಿ ನೀವು ಮುನಿಸಿಕೊಂಡಿದ್ದು ನೆನಪಿದೆಯೇ? ಅಜ್ಜ ಆಗ ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದರು. ಎರಡೂ ಕಣ್ಣಿನ ಪೊರೆ ತೆಗೆಸಿ, ಡಾಕ್ಟರು ಸರಿ ಎಂದ ಮೇಲೆ ಗೇರ್‌ಬಾಕ್ಸನ್ನು ಮತ್ತೆ ಇಳಿಸಿ, ಪ್ಲೇಟನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, ಸರಿಯಾಗಿ ಕೂರಿಸಿದರು. ನಾನು ಒತ್ತಿದಾಗ ಗೇರು ಸದ್ದಿಲ್ಲದೆ ಬಿತ್ತು.

ಬೇಸಿಗೆಯಲ್ಲಿ ನಿಮ್ಮನ್ನು ಕೂರಿಸಿಕೊಂಡು ಸೋಗಾನೆಗೆ ಹೋದೆವು. ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ ಬಿಸಿಲಲ್ಲಿ ಕಾದೆವು. ಬಹಳ ದೂರದಲ್ಲಿ, ಆಕಾಶದ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಬೆಳ್ಳಗೆ ಏನೋ ಹೊಳೆಯಿತು. ನಿಮಗಿಂತ ಮೊದಲು ಕಂಡಿದ್ದು ಅಜ್ಜನಿಗೆ.

“ಒಂದೇ ಇದೆ” ಎಂದರು.

“ಮತ್ತೆ ಎಷ್ಟಿರ್ಬೇಕಿತ್ತು ಅಜ್ಜಾ?” ಎಂದು ನೀವು ನಕ್ಕಿರಿ. ಅವರು ನನ್ನ ಕಡೆ ತಿರುಗಿ ನೇರವಾಗಿ ಮುಖ ನೋಡಿದರು. ನಾನೂ ನೋಡಿದೆ.