ಬಿಟ್ಟುಹೋದ ನಾಲ್ಕು ಹೆಸರು

ಪುಟ ತಿರುಗಿಸುವ ಮೊದಲು ಗುರಿಕಾರ ಮಾಮ ಬಲಗೈ ಹೆಬ್ಬೆರಳನ್ನು ನಾಲಗೆಗೆ ಒತ್ತುತ್ತಿದ್ದರು. ಎಲೆಯಡಿಕೆ ತಿನ್ನುವ ಬಾಯಿ. ಕನ್ನಡ ಲಿಪಿಯ ಆ ಕೊಂಕಣಿ ಬೈಬಲ್ಲಿನ ಪ್ರತಿ ಪುಟದ ಮೂಲೆಯೂ ಕಂದಾಗಿ, ಸುಟ್ಟ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ಸಣ್ಣವಳಿರುವಾಗ ಅದನ್ನು ನೋಡಿದರೆ ನನಗೆ ವಾಕರಿಕೆ ಬರುತ್ತಿತ್ತು. ಈಗ ವಾಕರಿಕೆ ಬರುವುದು ದಿನವಿಡೀ ಮೊಬೈಲು ಉಜ್ಜುವ ನನ್ನದೇ ಬೆರಳು ನೋಡಿ. ಯಾಕೆ ಅಂತ ಹೇಳುತ್ತೇನೆ.

ಸೀತಾಂಗೋಳಿಯಿಂದ ಸ್ವಲ್ಪ ಒಳಗೆ ನಮ್ಮ ಇಗರ್ಜಿಯ ಒಂದು ವಾಳೆ, ಇಪ್ಪತ್ತು ಚಿಲ್ಲರೆ ಮನೆಗಳು. ಆ ಮನೆಗಳಿಗೆಲ್ಲ ಹಿರಿಯನಾಗಿ ನಿಲ್ಲುವವನೇ ಗುರಿಕಾರ. ಮಾಮ ಎಣ್ಮಕಜೆಯ ಗೇರು ತೋಟದಲ್ಲಿ ದುಡಿದು ನಿವೃತ್ತರಾದವರು, ಹೆಂಡತಿ ತೀರಿಹೋಗಿದ್ದರು, ಮಗ ಸೊಸೆ ದೂರದ ಊರಿನಲ್ಲಿ. ಸಂಜೆ ಯಾರ ಮನೆಯಲ್ಲಿ ಜಪಸರದ ಪ್ರಾರ್ಥನೆ ಇದ್ದರೂ ಬೈಬಲ್ ಓದುವುದು ಅವರೇ. ಕೊನೆಗೆ ಆ ಮನೆಯಲ್ಲಿ ತೀರಿಕೊಂಡವರ ಹೆಸರನ್ನೆಲ್ಲ ಒಂದೊಂದಾಗಿ ಹೇಳಿ ಪ್ರಾರ್ಥಿಸುವರು. ಮನೆಯವರೇ ಮರೆತ ಮುತ್ತಜ್ಜಿಯ ಹೆಸರೂ ಅವರ ಬಾಯಲ್ಲಿ ಇರುತ್ತಿತ್ತು. ಯಾರಾದರೂ ಗಡಿಬಿಡಿ ಮಾಡಿದರೆ, "ಎಂತ ಮಾರಾಯ, ಬಸ್ಸು ತಪ್ಪುತ್ತದಾ? ಅವರೂ ಇದೇ ಮನೆಯಲ್ಲಿ ಉಂಡವರಲ್ವಾ?" ಎನ್ನುತ್ತಿದ್ದರು.

ಶುಗರ್ ಅವರ ಕಣ್ಣು ತಿಂದಿತು. ದಾರಿ, ಮನುಷ್ಯರು ಮಸುಕಾಗಿ ಕಾಣುತ್ತಿದ್ದರು. ಅಕ್ಷರ ಮಾತ್ರ ಸುತರಾಂ ಇಲ್ಲ. ಅದು ಗೊತ್ತಿದ್ದದ್ದು ಪಕ್ಕದ ಮನೆಯ ನನಗೊಬ್ಬಳಿಗೆ. "ಫಾದರಿಗೆ ಗೊತ್ತಾದರೆ ಬೇರೆಯವರನ್ನು ಗುರಿಕಾರ ಮಾಡುತ್ತಾರೆ ಬಾಯೆ. ಮತ್ತೆ ನಾನು ಮನೆ ಮನೆಗೆ ಹೋಗಲಿಕ್ಕೆ ಎಂತ ಕಾರಣ ಉಂಟು?" ಅಂತ, ಮಗಳನ್ನು ಕರೆದ ಹಾಗೆ ಬಾಯೆ ಅನ್ನುತ್ತ ಕೇಳಿದರು. ಹಾಗಾಗಿ ಮಧ್ಯಾಹ್ನ ನಾನು ಓದುವುದು, ಅವರು ಉರುಹೊಡೆಯುವುದು, ಸಂಜೆ ಪುಸ್ತಕ ಬಿಡಿಸಿ, ಬೆರಳು ಒದ್ದೆ ಮಾಡಿ, ಓದಿದ ಹಾಗೆ ಹೇಳುವುದು. ಒಂದು ವರ್ಷ ಒಬ್ಬರಿಗೂ ಸುಳಿವು ಸಿಗಲಿಲ್ಲ.

ಮೊದಲು ಅವರ ಪುಸ್ತಕದಲ್ಲೇ ಓದುತ್ತಿದ್ದೆ. ಆಮೇಲೆ ಡಾಟಾ ಅಗ್ಗವಾಯಿತು, ಗಂಡ ಕುವೈತಿನಿಂದ ದೊಡ್ಡ ಮೊಬೈಲು ಕಳಿಸಿದರು. "ಇದರಲ್ಲೇ ಓದುತ್ತೇನೆ ಮಾಮ, ಅಕ್ಷರ ದೊಡ್ಡದುಂಟು" ಎಂದೆ. ಮಾಮ, "ಅದರೊಳಗೆ ಬೇರೆ ಜನವೂ ಉಂಟಲ್ಲ ಬಾಯೆ?" ಎಂದರು. ನಾನು ನಕ್ಕುಬಿಟ್ಟೆ.

ಕ್ರಿಸ್ಮಸ್ ಹತ್ತಿರ ಬಂದಾಗ ಯೇಸುವಿನ ವಂಶಾವಳಿ ಓದುವ ಕ್ರಮ. ಬರೀ ಹೆಸರುಗಳು, ಹದಿನಾಲ್ಕರ ಮೂರು ಪಾಲು. ಕೇಳುವವರು ಆಕಳಿಸುತ್ತಾರೆ. ಮಾಮನಿಗೆ ಮಾತ್ರ ಅದೇ ಹಬ್ಬ. ದಿನಕ್ಕೆ ಒಂದು ಪಾಲಿನಂತೆ ಮೂರು ದಿನ ಕಲಿಯುವುದೆಂದು ಲೆಕ್ಕ ಹಾಕಿದರು. ಎರಡನೇ ದಿನ, ರಾಜರ ಹೆಸರುಗಳ ನಡುವೆ, ಟಿಂಗ್ ಅಂತ ಮೆಸೇಜು. ಅತ್ತಿಗೆಯದ್ದು. ಕಿಟಕಿ ಪರದೆಗೆ ಹಸಿರಾ, ಮೆರೂನಾ? ನಾಲ್ಕು ಫೋಟೋ ಬೇರೆ. ನೋಡಿದೆ, ಮೆರೂನ್ ಅಂತ ಒತ್ತಿದೆ, ತಿರುಗಿ ಬಂದು ಸಿಕ್ಕಿದ ಹೆಸರಿನಿಂದ ಮುಂದುವರಿಸಿದೆ. ಮಾಮ ಬೆರಳ ಗೆಣ್ಣು ಎಣಿಸುತ್ತಿದ್ದರು. "ಹತ್ತೇ ಆಯಿತಲ್ಲ ಬಾಯೆ, ಹದಿನಾಲ್ಕು ಆಗಬೇಕು."

"ಇದರಲ್ಲಿ ಅಷ್ಟೇ ಉಂಟು ಮಾಮ," ಎಂದೆ. ತಲೆ ಎತ್ತಲೂ ಇಲ್ಲ. ಅತ್ತಿಗೆ ಮತ್ತೇನೋ ಕಳಿಸಿದ್ದಳು.

ಅವರು ನಂಬಿದರು. ವಾಳೆಯ ಪ್ರಾರ್ಥನೆಯ ದಿನ ಹಜಾರ ತುಂಬ ಜನ. ಮಾಮ ಎದ್ದು ನಿಂತು ಹೆಸರುಗಳನ್ನು ನಿಧಾನಕ್ಕೆ, ಒಬ್ಬೊಬ್ಬರನ್ನೂ ಮನೆಯೊಳಗೆ ಕರೆಯುವ ಹಾಗೆ ಹೇಳುತ್ತ ಬಂದರು. ಗಲ್ಫಿನಿಂದ ಮರಳಿದ ಒಬ್ಬ ಅದೇ ಪಾಠವನ್ನು ಮೊಬೈಲಿನಲ್ಲಿ ನೋಡುತ್ತ ಕೂತಿದ್ದ. "ಗುರಿಕಾರರೇ, ನಾಲ್ಕು ರಾಜರು ಎಲ್ಲಿ ಹೋದರು?" ಎಂದ. ಜನ ನಕ್ಕರು. "ಪುಸ್ತಕದಲ್ಲಿ ಇಷ್ಟೇ ಉಂಟು," ಎಂದರು ಮಾಮ. "ತೋರಿಸಿ ನೋಡುವ," ಅಂತ ಅವನು ಎದ್ದು ಬಂದೇ ಬಂದ. ಮಾಮನ ಕೈಯಲ್ಲಿ ಬಿಡಿಸಿದ್ದ ಪುಟ ಬೇರೆಯೇ ಯಾವುದೋ.

ನಗು ನಿಂತಿತು. ಮಾಮ ಪುಸ್ತಕ ಮುಚ್ಚಿದರು. "ನನಗೆ ಅಕ್ಷರ ಕಾಣುವುದಿಲ್ಲ. ಒಂದು ವರ್ಷದಿಂದ ನಿಮಗೆಲ್ಲ ಮೋಸ ಮಾಡಿದೆ. ತಪ್ಪು ನನ್ನದು," ಎಂದರು. ಯಾರು ಓದಿಕೊಟ್ಟದ್ದು ಅಂತ ಹೇಳಲಿಲ್ಲ. ನಾನು ಎರಡು ಮಾರು ದೂರದಲ್ಲಿ ಸೆರಗು ತಲೆಗೆ ಹಾಕಿಕೊಂಡು ಭಕ್ತಳ ಹಾಗೆ ಕೂತಿದ್ದೆ. ಹೇಸಿಗೆ.

ಮನೆಗೆ ಹೋಗುವಾಗ ನನ್ನ ಕೈ ಹಿಡಿದಿದ್ದರು. ಸ್ವಲ್ಪ ದೂರ ನಡೆದು, "ಆವತ್ತು ಮೊಬೈಲಿಗೆ ಎಂತ ಬಂದಿತ್ತು ಬಾಯೆ?" ಎಂದು ಕೇಳಿದರು. ಬೈಗುಳದ ಸ್ವರವೇ ಅಲ್ಲ. ಪರದೆಯ ಬಣ್ಣ ಅಂತ ಹೇಗೆ ಹೇಳುವುದು? "ಇವರಿಗೆ ಜೋರು ಹುಷಾರಿಲ್ಲ ಅಂತ ಕುವೈತಿನಿಂದ," ಎಂದುಬಿಟ್ಟೆ. ಮಾಮ ಅಲ್ಲೇ ನಿಂತರು. "ದೇವರೇ! ಹೇಳಬಾರದಿತ್ತಾ? ಅಂಥ ಸಂಕಟದಲ್ಲಿ ನನಗೆ ಓದಿಕೊಟ್ಟೆಯಲ್ಲ!" ಅಂತ ನನ್ನ ತಲೆ ಮುಟ್ಟಿದರು.

ಹೊಸ ವರ್ಷಕ್ಕೆ ಆ ಗಲ್ಫಿನವನೇ ಗುರಿಕಾರ ಆದ. ಅವನು ಓದುವುದು ಮೊಬೈಲಿನಲ್ಲೇ. ಮಧ್ಯೆ ಕಾಲ್ ಬಂದರೆ ಅಂಗಳಕ್ಕೆ ಹೋಗುತ್ತಾನೆ. ನಾವು ಮೊಣಕಾಲೂರಿ ಕಾಯಬೇಕು. ಕಾಯುವಷ್ಟು ಹೊತ್ತು ಎಲ್ಲರೂ ತಮ್ಮ ತಮ್ಮದು ತೆಗೆದು ಉಜ್ಜುತ್ತಾರೆ. ಶಿಲುಬೆಯ ಎದುರು ಇಪ್ಪತ್ತು ಮುಖ, ಒಂದೂ ಮೇಲೆ ನೋಡುವುದಿಲ್ಲ. ನೋಡಿ ನೋಡಿ ಮೈ ಉರಿಯುತ್ತದೆ, ಆದರೆ ಬೈಯಲಿಕ್ಕೆ ನನಗೆ ಯಾವ ಬಾಯಿ ಉಂಟು?

ಮಾಮ ಆಮೇಲೆ ಮನೆ ಬಿಟ್ಟು ಹೊರಗೆ ಹೋಗಲಿಲ್ಲ. ನೋಡಿಕೊಳ್ಳಲಿಕ್ಕೆ ಸೊಸೆ ಬಂದು ನಿಂತಳು. ನಾನು ಅವರ ಹಳೆ ಪುಸ್ತಕ ಹಿಡಿದು ಓದಲು ಹೋದರೆ, "ಮೊದಲು ಗಂಡನಿಗೆ ಹೇಗುಂಟು ಹೇಳು" ಎನ್ನುತ್ತಿದ್ದರು. ಮುಂದಿನ ಮಳೆಗಾಲ ಕಳೆಯುವುದರೊಳಗೆ ತೀರಿಹೋದರು.

ಹೆಣ ಅಂಗಳಕ್ಕೆ ತರುವ ಮೊದಲು ಅವರ ಸೊಸೆ ನನ್ನನ್ನು ಹತ್ತಿರ ಕರೆದಳು. "ಅಕ್ಕ, ನಿಮ್ಮ ಗಂಡನಿಗೆ ಎಂತ ಸೀಕು? ಮಾವ ದಿನಾ ಸಂಜೆ ಅವರ ಹೆಸರು ಹೇಳಿ ಪ್ರಾರ್ಥನೆ ಮಾಡುತ್ತಿದ್ದರು. ಕೊನೆಗೆ ಸ್ವಂತ ಮಗನ ಹೆಸರು ಮರೆತರು, ಇದೊಂದನ್ನು ಬಿಡಲಿಲ್ಲ."

ಪೆಟ್ಟಿಗೆಯ ಎದುರೇ ನಿಂತಿದ್ದೆ. "ಈಗ ಗುಣ ಆಗಿದೆ," ಎಂದೆ. ಥೂ, ನನ್ನ ಜನ್ಮಕ್ಕೆ!