ನಕ್ಷೆಯಲ್ಲಿ ಬಿಟ್ಟುಹೋದ ಜಾಗ

ಸಂಜೆ ಪಂಪ್‌ಸೆಟ್ಟುಗಳಿಗೆ ತ್ರೀ ಫೇಸ್ ಬಿಟ್ಟರೆ ಸಾಕು, ನಮ್ಮ ಮನೆಯ ಬಲ್ಬು ಮಂಕಾಗುತ್ತದೆ. ಬಲ್ಬು ಹಾಳಾಗಿ ಹೋಗಲಿ, ಅದರ ಪಕ್ಕದಲ್ಲೇ ನನ್ನ ಗಂಡನ ಆಕ್ಸಿಜನ್ ಮಷಿನ್ ಇದೆ. ವೋಲ್ಟೇಜ್ ಇಳಿದ ಕೂಡಲೇ ಅದು ಕೂಗಲು ಶುರುಮಾಡಿ ಆಮೇಲೆ ನಿಂತುಬಿಡುತ್ತದೆ. ಹರೆಯವನ್ನೆಲ್ಲ ಕಲ್ಲು ಕ್ರಷರ್‌ನಲ್ಲಿ ಕಳೆದ ಮನುಷ್ಯ. ಎದೆಯಲ್ಲಿ ಧೂಳು ಕೂತಿದೆ, ಇನ್ನು ಮನೆಯಲ್ಲೇ ಮಷಿನ್ ಇಟ್ಟುಕೊಳ್ಳಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಸ್ಟೆಬಿಲೈಸರ್ ತಂದೆ, ಅದೂ ಕೈಚೆಲ್ಲಿತು. ನನ್ನ ಹೊಲಿಗೆ ಯಂತ್ರದ ಮೋಟಾರು ಕಿತ್ತುಹಾಕಿ ಮತ್ತೆ ಕಾಲಲ್ಲಿ ತುಳಿಯತೊಡಗಿದೆ. ಅದರಿಂದ ಏನೂ ಆಗುವುದಿಲ್ಲ ಎಂದು ಗೊತ್ತಿದ್ದರೂ ಹಾಗೆ ಮಾಡಿದೆ. ಮಷಿನ್ ಕೂಗಿದಾಗ, ಆಪತ್ತಿಗೆಂದು ಇಟ್ಟುಕೊಂಡ ಆಕ್ಸಿಜನ್ ಸಿಲಿಂಡರಿನ ನಳಿಕೆ ಅವರ ಮೂಗಿಗೆ ಸಿಕ್ಕಿಸಿ ಪಕ್ಕದ ಹೊಲಗಳಿಗೆ ಓಡುತ್ತೇನೆ, ಸ್ವಲ್ಪ ಹೊತ್ತು ಮೋಟಾರು ನಿಲ್ಲಿಸಿ ಎಂದು ಕೇಳುತ್ತೇನೆ. ಪಾಪ, ನಿಲ್ಲಿಸುತ್ತಾರೆ.

ಗುಡೇಕೋಟೆ ಕಡೆಯ ನಮ್ಮ ಊರು ಕರೆಂಟಿನ ಲೈನಿಗೆ ಕಟ್ಟಕಡೆಯದು. ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಲೇ ಇರುತ್ತವೆ. ಅವುಗಳ ಕರೆಂಟು ನಮ್ಮ ತಲೆಯ ಮೇಲಿಂದಲೇ ಯಾವುದೋ ಊರಿಗೆ ಹೋಗುತ್ತದೆ. ಅವನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ನಮ್ಮ ಕಡೆ ವೋಲ್ಟೇಜ್ ಇಳಿಯದಿರಲೆಂದು ಊರಾಚೆ ಹೊಸ ಸಬ್‌ಸ್ಟೇಷನ್ ಕಟ್ಟಿ ಬಣ್ಣವನ್ನೂ ಬಳಿದಿದ್ದರು. ಅಲ್ಲಿಗೆ ಲೈನ್ ಎಳೆಯಲು ಮಾತ್ರ ಅನುಮತಿ ಸಿಕ್ಕಿರಲಿಲ್ಲ. ಒಂದು ಕಡೆ ಗೆರೆ ಎಳೆದರೆ ಕರಡಿಗಳ ಕಾಡು, ಇನ್ನೊಂದು ಕಡೆ ತಿರುಗಿಸಿದರೆ ಕೆರೆಯಂಗಳ. ಒಂದು ಇಲಾಖೆ ಬೇಡವೆಂದರೆ ಅರ್ಜಿ ಮತ್ತೆ ಮೊದಲಿನಿಂದ ಶುರು. ಕೂಡ್ಲಿಗಿಯ ಕಚೇರಿಗೆ ನಾನು ಎಷ್ಟು ಸಲ ಅಲೆದಿದ್ದೆನೆಂದರೆ, ಅಲ್ಲಿಯ ಜವಾನ ನನ್ನನ್ನು ಕಂಡಕೂಡಲೇ ಕುರ್ಚಿ ಸರಿಸಿ ಕೊಡುತ್ತಿದ್ದ. ಕುರ್ಚಿ ಸಿಕ್ಕಿತು, ಕರೆಂಟು ಸಿಗಲಿಲ್ಲ.

ಆಮೇಲೆ ಒಬ್ಬ ಹೊಸ ಎಂಜಿನಿಯರ್ ಬಂದರು. ಮುಟ್ಟಬಾರದ ಜಾಗಗಳನ್ನೆಲ್ಲ ಮೊದಲೇ ಒಂದು ನಕ್ಷೆಯಲ್ಲಿ ಗುರುತು ಮಾಡೋಣ, ಉಳಿದ ಜಾಗದಲ್ಲಿ ಲೈನಿಗೆ ದಾರಿ ಹುಡುಕೋಣ, ಆಗ ಎಲ್ಲ ಇಲಾಖೆಯವರೂ ಒಟ್ಟಿಗೆ ಕೂತು ಒಂದೇ ಸಲಕ್ಕೆ ಒಪ್ಪಿಗೆ ಕೊಡಬಹುದು ಎಂದರು. ನಾನು ಬಟ್ಟೆ ಹೊಲಿಯುವವಳು. ಗುರುತು ಹಾಕಿಕೊಂಡು ಆಮೇಲೆ ಕತ್ತರಿ ಹಿಡಿಯುವುದು ನನಗೇನು ಹೊಸದಲ್ಲ. ಇಷ್ಟು ವರ್ಷ ಇವರೆಲ್ಲ ಮೊದಲು ಕತ್ತರಿಸಿ ಆಮೇಲೆ ಅಳತೆ ಕೇಳುತ್ತಿದ್ದರಲ್ಲ ಎಂದು ಸಿಟ್ಟು ಬಂತು. ಆದರೂ ಆ ದಿನ ಮನೆಗೆ ಬರುವಾಗ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ಊರಿನವರ ಮಾತು ಕೇಳಲು ಪಂಚಾಯ್ತಿಯಲ್ಲಿ ಸಭೆ ಕರೆದರು. ನಾನು ಗಂಡನನ್ನೂ ಸಿಲಿಂಡರನ್ನೂ ಆಟೋದಲ್ಲಿ ಹಾಕಿಕೊಂಡು ಹೋಗಿ ಮುಂದಿನ ಸಾಲಿನಲ್ಲೇ ಕೂರಿಸಿದೆ. ನನ್ನ ಲೆಕ್ಕಾಚಾರ ಇಷ್ಟೇ: ಮೂಗಿಗೆ ನಳಿಕೆ ಹಾಕಿಕೊಂಡ ಮನುಷ್ಯನನ್ನು ಸಾಹೇಬರು ಕಣ್ಣಾರೆ ನೋಡಲಿ, ಕೆಲಸ ಬೇಗ ಆಗಲಿ. ಊರಿನವರು ಒಬ್ಬೊಬ್ಬರಾಗಿ ಹೇಳಿದರು. ದೇವರ ಕಲ್ಲು, ಕರಡಿ ಗವಿ, ಕುರಿ ಹಟ್ಟಿ, ಗೋಕಟ್ಟೆ. ಎಂಜಿನಿಯರ್ ಒಂದೊಂದಕ್ಕೂ ಬಣ್ಣ ಹಚ್ಚಿದರು. ಇನ್ನೇನಾದರೂ ಬಿಟ್ಟಿದೆಯೇ ಎಂದು ಎರಡು ಸಲ ಕೇಳಿದರು. ಎಲ್ಲರೂ ಒಮ್ಮೆ ನನ್ನ ಗಂಡನ ಕಡೆ ನೋಡಿ ತಲೆ ತಗ್ಗಿಸಿದರು. ಅಯ್ಯೋ ಪಾಪ ಎನ್ನುತ್ತಿದ್ದಾರೆ ಎಂದುಕೊಂಡೆ.

ಅನುಮತಿ ನಂಬಲಾಗದಷ್ಟು ಬೇಗ ಬಂತು. ನಾನು ಓಣಿಗೆಲ್ಲ ಸಕ್ಕರೆ ಹಂಚಿದೆ.

ಗೂಟ ಹೊಡೆಯುವವರು ಬಂದ ದಿನ ಊರ ಪೂರ್ವಕ್ಕೆ ಗದ್ದಲ ಕೇಳಿತು. ಓಡಿಹೋಗಿ ನೋಡಿದರೆ ಟವರಿನ ಗೂಟಗಳು ನಮ್ಮ ಸ್ಮಶಾನದ ನಡುವೆ ನಿಂತಿದ್ದವು. ಸರ್ಕಾರದ ಕಾಗದದಲ್ಲಿ ಅದು ಬರೀ ಗೋಮಾಳ. ನನ್ನ ಅತ್ತೆ ಮಾವ ಮಲಗಿರುವುದು ಅಲ್ಲೇ. ಊರಿನವರು ಒಂದೊಂದೇ ಗೂಟ ಕಿತ್ತು ಒಂದು ಕಡೆ ಗುಡ್ಡೆ ಹಾಕುತ್ತಿದ್ದರು. ಎಂಜಿನಿಯರ್ ದಿಕ್ಕುತೋಚದೆ ನಿಂತಿದ್ದರು. ಅವತ್ತು ಅಷ್ಟು ಕೇಳಿದರೂ ಯಾರೂ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದರು. ನನ್ನ ಗಂಡನ ದೊಡ್ಡಪ್ಪ ಮುಂದೆ ಬಂದರು.

"ನಮ್ಮ ಹುಡುಗ ಎದುರಿಗೇ ಕುಂತಿದ್ನಲ್ರಿ, ಸಾಹೇಬ್ರ. ಉಸಿರಿಗೆ ಒದ್ದಾಡೋನ ಮುಂದ ಸುಡುಗಾಡಿನ ಮಾತು ಹೆಂಗ ಎತ್ತೋದು?"

ಬೇಗ ಆಗಲಿ ಎಂದು ನಾನೇ ಗಂಡನನ್ನು ಸಭೆಯಲ್ಲಿ ಮುಂದೆ ಕೂರಿಸಿದ್ದೆ. ಅವರು ಕೂತಿದ್ದರೆಂದೇ ಇಡೀ ಊರು ಬಾಯಿ ಮುಚ್ಚಿಕೊಂಡಿತ್ತು. ಯಾರನ್ನು ಬೈಯಲಿ? ಎಲ್ಲರೆದುರು ದೊಡ್ಡಪ್ಪನ ಕಾಲು ಹಿಡಿದುಕೊಂಡೆ. ಸತ್ತವರಿಗೆ ಟವರ್ ಏನು ಮಾಡುತ್ತದೆ, ಬದುಕಿರುವವನನ್ನು ನೋಡಿ ಎಂದು ಗೋಗರೆದೆ. ಅತ್ತೆ ಮಾವನ ಮಣ್ಣಿನ ಮೇಲೆ ನಿಂತೇ ಆ ಮಾತಾಡಿದೆ. ನಾಚಿಕೆಯೂ ಆಗಲಿಲ್ಲ.

ಅವರು ನನ್ನನ್ನು ಎಬ್ಬಿಸಿ ನಿಲ್ಲಿಸಿದರು. "ನೀ ಹೇಳೋದು ಸುಳ್ಳಲ್ಲ, ಯವ್ವಾ. ಆದ್ರ ನಾಳಿ ನಮ್ಮನ್ನೆಲ್ಲ ಎಲ್ಲಿ ಇಡ್ತೀರಿ?"

ನಾನು ಎಂಜಿನಿಯರ್ ಕಡೆ ತಿರುಗಿದೆ. ಲೈನ್ ಪಕ್ಕಕ್ಕೆ ಸರಿಸಿದರೆ ಕಾಡಿನ ಅಂಚು ತಾಗುತ್ತದೆ, ಎಲ್ಲ ಇಲಾಖೆಯವರೂ ಮತ್ತೆ ಸ್ಥಳ ನೋಡಬೇಕು ಎಂದರು ಎಂಜಿನಿಯರ್. ಎಷ್ಟು ದಿನ ಎಂದು ಕೇಳಿದ್ದಕ್ಕೆ ಅವರು ಮುಖ ಬೇರೆ ಕಡೆ ತಿರುಗಿಸಿದರು.

ಎರಡನೆಯ ಸಭೆಗೆ ಒಬ್ಬಳೇ ಹೋದೆ. ಈ ಸಲ ಎಲ್ಲರಿಗೂ ಬಾಯಿ ಬಂದಿತ್ತು. ಎಲ್ಲಿಂದ ಎಲ್ಲಿಯವರೆಗೆ ಎಂದು ಜಗಳವಾಡಿಕೊಂಡೇ ತೋರಿಸಿದರು. ನಕ್ಷೆಯ ಮೇಲೆ ಸ್ಮಶಾನಕ್ಕೂ ಒಂದು ಬಣ್ಣ ಬಿತ್ತು. ನಾನು ಹಿಂದೆ ಗೋಡೆಗೆ ಒರಗಿ ನೋಡುತ್ತಿದ್ದೆ.

ಮನೆಗೆ ಬಂದಾಗ ಗಂಡ ದಿಂಬಿಗೆ ಒರಗಿ ಕೂತಿದ್ದರು. ಏನಾಯಿತು ಎಂದು ಕಣ್ಣಲ್ಲೇ ಕೇಳಿದರು. ಬೇರೆ ದಾರಿ ಸಿಕ್ಕಿದೆ, ಇನ್ನೇನು ಲೈನ್ ಬಂದೇಬಿಡುತ್ತದೆ ಎಂದು ಸುಳ್ಳು ಹೇಳಿದೆ. ಅವರು ಉಸಿರು ಕೂಡಿಸಿಕೊಂಡು ಕೇಳಿದರು.

"ಸುಡುಗಾಡು ಗುರ್ತು ಹಾಕಿದ್ರಾ?"

ನಮ್ಮ ಮನೆಯಲ್ಲಿ ಆ ಮಾತು ಯಾರ ಬಾಯಲ್ಲೂ ಬಂದಿರಲಿಲ್ಲ. ನಾನು ತಲೆಯಾಡಿಸಿದೆ.

"ಅವ್ವನ ಮಗ್ಗಲಾಗ ಒಂದೀಟು ಜಾಗ ಐತಿ. ಅದನ್ನೂ ಸೇರಿಸ್ಯಾರೇನು?"

ಹೂಂ ಎಂದೆ. ನಿಜಕ್ಕೂ ನೋಡಿರಲಿಲ್ಲ. ಅಷ್ಟರಲ್ಲಿ ಬಲ್ಬು ಮಂಕಾಯಿತು, ಮಷಿನ್ ಕೂಗತೊಡಗಿತು. ಸಿಲಿಂಡರಿನ ನಳಿಕೆ ಸಿಕ್ಕಿಸಿ, ಚಪ್ಪಲಿ ಕೂಡ ಮೆಟ್ಟದೆ ಹೊಲಗಳ ಕಡೆ ಓಡಿದೆ. ದೊಡ್ಡಪ್ಪ ತಮ್ಮ ಮೋಟಾರು ಆಗಲೇ ನಿಲ್ಲಿಸಿ ಬದುವಿನ ಮೇಲೆ ನಿಂತಿದ್ದರು. ಅಕ್ಕಪಕ್ಕದ ಹೊಲದವರೂ ನಿಲ್ಲಿಸಿದ್ದರು. ಲೈನಿನ ಮೇಲಿನ ಊರುಗಳಲ್ಲಿ ಮೋಟಾರುಗಳು ಓಡುತ್ತಲೇ ಇದ್ದವು; ಇಲ್ಲಿ ಇನ್ನು ಕೇಳುವುದಕ್ಕೆ ಯಾರೂ ಉಳಿದಿರಲಿಲ್ಲ. ತಿರುಗಿ ಬಂದೆ. ಒಳಗೆ ಮಷಿನ್ ಇನ್ನೂ ಕೂಗುತ್ತಿತ್ತು.